ಎಂಟು ಲೆನ್ಸು, ಒಂದೇ ಗೋತ್ರ: ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ನೆಲೆಸಿರುವ ಬ್ಯಾಂಕ್ ನೌಕರ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಉಳಿದ ದಿನಗಳಲ್ಲಿ ಮನೆಯವರು, ಸಂಘದ ಕಾರ್ಯಕ್ರಮಗಳು, ಬೀದಿ. ಮೊದಲು ನಿಕಾನ್ ಡಿ7200 ಬಳಸುತ್ತಿದ್ದೆ, ಈಗ ಎರಡು ವರ್ಷದಿಂದ ಝಡ್5 ಮತ್ತು ಎಫ್‌ಟಿಝಡ್ ಅಡಾಪ್ಟರ್ (ಹಳೆಯ ನಿಕಾನ್ ಲೆನ್ಸುಗಳನ್ನು ಝಡ್5ಕ್ಕೆ ಜೋಡಿಸುವ ಕೊಂಡಿ) ಇದೆ. ಸೇರಿಕೊಂಡಿರುವ ಲೆನ್ಸುಗಳು ಎಂಟು: ಝಡ್5 ಜೊತೆ ಬಂದ 24-50 ಝೂಮ್, ಝಡ್ 40 ಎಂಎಂ ಎಫ್/2, ಎಎಫ್-ಎಸ್ 50 ಎಂಎಂ ಎಫ್/1.8ಜಿ, ಎಎಫ್ 50 ಎಂಎಂ ಎಫ್/1.8ಡಿ, ಎಎಫ್ 50 ಎಂಎಂ ಎಫ್/1.4ಡಿ, ಡಿಎಕ್ಸ್ 35 ಎಂಎಂ ಎಫ್/1.8ಜಿ, ತಂದೆಯವರ ನಿಕಾನ್ ಎಫ್‌ಎಂ ಜೊತೆಗಿದ್ದ ಎಐ 50 ಎಂಎಂ ಎಫ್/2, ಮತ್ತು ಚೋರ್ ಬಜಾರಿನಲ್ಲಿ ಕೊಂಡ ಹೀಲಿಯೋಸ್ 44-2. ಈ ಹೀಲಿಯೋಸ್ ಡಿ7200 ಮೇಲೆ ದೂರದ ವಸ್ತುವಿಗೆ ಫೋಕಸ್ ಆಗುತ್ತಲೇ ಇರಲಿಲ್ಲ, ಅದು ಕೆಟ್ಟಿದೆಯೇ? ಎಲ್ಲವೂ ಒಂದೇ ಥರದವು ಎಂದು ಮನೆಯವರು ನಗುತ್ತಾರೆ. ತೇವ ತಡೆಯುವ ಡ್ರೈ ಕ್ಯಾಬಿನೆಟ್ ತುಂಬಿಹೋಗಿದೆ. ದೊಡ್ಡದೊಂದನ್ನು ಕೊಳ್ಳಲೇ, ಅಥವಾ ಕೆಲವು ಲೆನ್ಸುಗಳನ್ನು ಮಾರಲೇ? ಮಾರುವುದಾದರೆ ಯಾವುದನ್ನು? ಪುಣೆಯಲ್ಲಿ ಓದುತ್ತಿರುವ ಅಕ್ಕನ ಮಗ ಡಿ7200 ಕೇಳುತ್ತಿದ್ದಾನೆ, ಕೊಡಬೇಕೆಂದಿದ್ದೇನೆ.

ಉತ್ತರ: ದೊಡ್ಡ ಕ್ಯಾಬಿನೆಟ್ ಕೊಳ್ಳಬೇಡಿ. ಜಾಗ ಹೆಚ್ಚಾದರೆ ಒಂಬತ್ತನೆಯದೂ ಹತ್ತನೆಯದೂ ಬಂದು ಕೂರುತ್ತವೆ ಎಂಬುದನ್ನು ನಾನು ಬಲ್ಲೆ, ಏಕೆಂದರೆ ನನ್ನ ಮನೆಯಲ್ಲಿ ಅದು ಆಗಿಹೋಗಿದೆ. ಅದಕ್ಕಿಂತ ಮುಖ್ಯವಾದ ಕಾರಣ ನಮ್ಮ ಹವೆ. ಜುಲೈ, ಆಗಸ್ಟ್ ತಿಂಗಳಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇಕಡಾ 80ನ್ನು ಮೀರಿ ದಿನಗಟ್ಟಲೆ ಹಾಗೆಯೇ ನಿಂತಿರುತ್ತದೆ. ಒಣ ಹವೆಯ ಊರಿನಲ್ಲಿ ಲೆನ್ಸನ್ನು ಕಪಾಟಿನಲ್ಲಿಟ್ಟು ಮರೆಯಬಹುದು, ಹತ್ತು ವರ್ಷದ ಬಳಿಕ ತೆಗೆದರೂ ಅದು ಇಟ್ಟ ಹಾಗೆಯೇ ಇರಬಹುದು. ಮುಂಬಯಿಯಲ್ಲಿ ಲೆನ್ಸನ್ನು ಇಟ್ಟುಕೊಳ್ಳುವುದಿಲ್ಲ, ಸಾಕಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಹೊರತೆಗೆದು, ಬೆಳಕು ತೋರಿಸಿ, ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಒರೆಸಿ ಒಳಗಿಡಬೇಕು. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ: ಎಂಟರಲ್ಲಿ ಎಷ್ಟನ್ನು ನೀವು ಸಾಕಬಲ್ಲಿರಿ? ಯಾವುದು ಒಳ್ಳೆಯದು ಎಂದು ಕೇಳಹೊರಟರೆ ಎಂಟೂ ಒಳ್ಳೆಯವೇ, ಆ ದಾರಿಯಲ್ಲಿ ತೀರ್ಮಾನವೇ ಆಗುವುದಿಲ್ಲ.

ನಿಮ್ಮ ಮನೆಯವರು ನಗುವುದರಲ್ಲಿ ತಪ್ಪಿಲ್ಲ. 1896ರಲ್ಲಿ ಕಾರ್ಲ್ ಝೈಸ್ ಸಂಸ್ಥೆಯ ಪಾಲ್ ರುಡಾಲ್ಫ್ ಪ್ಲಾನಾರ್ ಎಂಬ ಲೆನ್ಸನ್ನು ರಚಿಸಿದರು. ನಡುವಿನಲ್ಲಿ ಅಪರ್ಚರ್ (ಬೆಳಕು ಹಾಯುವ ಕಿಂಡಿ; ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಅದರ ಎರಡೂ ಬದಿಗೆ ಹೆಚ್ಚುಕಡಿಮೆ ಕನ್ನಡಿಯ ಪ್ರತಿಬಿಂಬದಂತೆ ಕುಳಿತ ಗಾಜುಗಳು. ಡಬಲ್ ಗಾಸ್ ಎನ್ನುವ ಈ ವಿನ್ಯಾಸವೇ ನಿಮ್ಮ ಎಫ್/1.8ಡಿ, ಎಫ್/1.4ಡಿ ಮತ್ತು ತಂದೆಯವರ ಎಫ್/2 ಮೂರರ ಮೂಲ. ರಷ್ಯದ ಹೀಲಿಯೋಸ್ ಕೂಡ ಝೈಸಿನ 58 ಎಂಎಂ ಬಯೋಟಾರನ್ನು ಅನುಸರಿಸಿ ಮಾಡಿದ್ದೇ, ಬಯೋಟಾರೂ ಅದೇ ಗೋತ್ರದ್ದೇ. ಹೀಗೆ ನಾಲ್ಕು ಸಗೋತ್ರದವು ಒಂದೇ ಕ್ಯಾಬಿನೆಟ್ಟಿನಲ್ಲಿ ಕೂತಿವೆ. ಎಫ್/5.6ಕ್ಕೆ ಇಳಿಸಿ ಹಗಲು ಬೆಳಕಿನಲ್ಲಿ ನಾಲ್ಕರಿಂದಲೂ ಒಂದೇ ಚಿತ್ರ ತೆಗೆದು, ಹೆಸರು ಮುಚ್ಚಿ ನಿಮ್ಮ ಮುಂದಿಟ್ಟರೆ ನೀವಾಗಲಿ ನಾನಾಗಲಿ ಇದು ಇಂಥದ್ದು ಎಂದು ಗುರುತಿಸಲಾರೆವು. ಈ ಆಟವನ್ನು ಒಮ್ಮೆ ಆಡಿ ನೋಡಿ. ಫೈಲುಗಳ ಹೆಸರನ್ನು ಬದಲಿಸುವ ಕೆಲಸ ಮನೆಯವರಿಗೆ ಕೊಡಿ. ಚೂಪು ಎಷ್ಟು ಎಂಬ ಒಂದೇ ಅಳತೆಗೋಲು ಹಿಡಿದು ವರ್ಷಗಟ್ಟಲೆ ವಾದಿಸುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ನೋಟದ ಕೋನದಲ್ಲಿ ಇವು ಎಷ್ಟು ಬೇರೆ ಎಂಬುದನ್ನು ಡಿಗ್ರಿಗಳಲ್ಲಿ ಹೇಳುವುದಕ್ಕಿಂತ ನಿಮ್ಮ ಮನೆಯ ಹಾಲ್‌ನಲ್ಲೇ ಅಳೆದು ಹೇಳುವುದು ಮೇಲು. ಗೋಡೆಯಿಂದ ಹತ್ತು ಅಡಿ ದೂರದಲ್ಲಿ ಝಡ್5 ಹಿಡಿದು ನಿಂತರೆ 40 ಎಂಎಂ ಲೆನ್ಸು ಗೋಡೆಯ ಒಂಬತ್ತು ಅಡಿ ಅಗಲವನ್ನು ತೋರಿಸುತ್ತದೆ, 50 ಎಂಎಂ ಏಳು ಅಡಿಗಿಂತ ತುಸು ಹೆಚ್ಚು, 58 ಎಂಎಂ ಆರು ಅಡಿಗಿಂತ ತುಸು ಹೆಚ್ಚು. 40ರಿಂದ 50ರ ನೋಟ ಬೇಕಿದ್ದರೆ ಎರಡು ಅಡಿ ಮುಂದೆ ಬಂದರೆ ಸಾಕು. ಮುಂದೆ ಬರಲು ಜಾಗವಿಲ್ಲದಿದ್ದರೆ ಚಿತ್ರವನ್ನು ಕತ್ತರಿಸಿ. ಝಡ್5ರ 24 ಮೆಗಾಪಿಕ್ಸೆಲ್‌ನಲ್ಲಿ ಆಗಲೂ ಹದಿನೈದಕ್ಕಿಂತ ಹೆಚ್ಚು ಉಳಿಯುತ್ತದೆ, 12x18 ಇಂಚಿನ ಪ್ರಿಂಟಿಗೆ ಅದು ಧಾರಾಳ. ಫುಲ್‌ಫ್ರೇಮ್ ಸೆನ್ಸರಿನ, ಅಂದರೆ ನಿಮ್ಮ ಝಡ್5ರಲ್ಲಿರುವಂಥ ದೊಡ್ಡ ಸೆನ್ಸರಿನ, ಕರ್ಣದ ಉದ್ದ 43.3 ಎಂಎಂ. ಸಹಜ ನೋಟದ ಲೆನ್ಸು ಎಂದರೆ ಲೆಕ್ಕಪ್ರಕಾರ ಅಷ್ಟಿರಬೇಕು. 1925ರಲ್ಲಿ ಬಂದ ಲೈಕಾ 50 ಎಂಎಂ ಲೆನ್ಸನ್ನು ಹೊತ್ತು ಬಂದದ್ದರಿಂದ ಆ ಅಂಕಿ ಪದ್ಧತಿಯಾಗಿ ನಿಂತಿತು. ಅಂದರೆ ನಿಮ್ಮ 40 ಮತ್ತು 50 ಆ ಒಂದೇ ಗೆರೆಯ ಆಚೆ ಈಚೆ ನಿಂತಿರುವ ನೆರೆಹೊರೆಯವು. ಎರಡರಲ್ಲಿ ಒಂದು ಸಾಕು.

ಆದರೆ ಯಾವುದನ್ನು ಕಳಿಸಬೇಕೆಂದು ಯೋಚಿಸುವ ಮೊದಲು ಯಾವುದು ಆರೋಗ್ಯವಾಗಿದೆ ಎಂದು ನೋಡಬೇಕು. ರಾತ್ರಿ ಊಟವಾದ ಮೇಲೆ ಹಾಲ್‌ನ ದೀಪ ಆರಿಸಿ, ಮೊಬೈಲಿನ ಟಾರ್ಚ್ ಹಚ್ಚಿ ಕೂರಿ. ಲೆನ್ಸಿನ ಎರಡೂ ಮುಚ್ಚಳ ತೆಗೆಯಿರಿ. ಡಿ ಮತ್ತು ಎಐ ಲೆನ್ಸುಗಳಲ್ಲಿ ಅಪರ್ಚರ್ ರಿಂಗನ್ನು ಅತಿ ಸಣ್ಣ ಅಂಕಿಗೆ ತಿರುಗಿಸಿದರೆ ಬ್ಲೇಡುಗಳು ಪೂರ್ತಿ ತೆರೆಯುತ್ತವೆ. ಜಿ ಲೆನ್ಸಿಗೆ ರಿಂಗ್ ಇಲ್ಲ, ಹಿಂಬದಿಯಲ್ಲಿರುವ ಚಿಕ್ಕ ಲಿವರನ್ನು ಬೆರಳ ತುದಿಯಿಂದ ಮೆಲ್ಲಗೆ ಸರಿಸಿ ಹಿಡಿಯಬೇಕು. ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ನೇರವಾಗಿ ನೋಡದೆ ಓರೆಯಾಗಿ ನೋಡಿ. ಧೂಳಿನ ಕಣಗಳು ಕಂಡರೆ ಹೆದರಬೇಡಿ. ನಾಲ್ಕಾರು ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ, ಹಳೆಯ ಲೆನ್ಸಿನಲ್ಲಿ ಧೂಳಿಲ್ಲದಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆ ಎಂದೇ ನಾನು ಸಂಶಯಪಡುತ್ತೇನೆ. ಹುಡುಕಬೇಕಾದದ್ದು ಅಂಚಿನಿಂದ ಒಳಕ್ಕೆ ಕವಲೊಡೆಯುತ್ತ ಹಬ್ಬಿದ ಬಿಳಿ ಎಳೆಗಳನ್ನು. ಉಪ್ಪಿನಕಾಯಿಯ ಭರಣಿಯಲ್ಲಿ ಬರುವ ಬೂಷ್ಟಿನ ಬಂಧುವೇ ಅದು. ಎಳೆಗಳಿದ್ದರೆ ಫಂಗಸ್. ಗಾಜಿನ ಮೇಲೆ ಸಮನಾದ ಮಂಜು ಕವಿದಂತಿದ್ದರೆ ಅದು ಗ್ರೀಸಿನ ಆವಿ ಕೂತದ್ದು. ಅಂಚಿನಲ್ಲಿ ಸೋಪಿನ ಗುಳ್ಳೆಯ ಬಣ್ಣದ ವರ್ತುಲ ಕಂಡರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತಿದೆ, ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಬಿಟ್ಟುಬಿಡುವುದೇ ಲೇಸು. ಆಮೇಲೆ ಅಪರ್ಚರನ್ನು 16ಕ್ಕೆ ಇಳಿಸಿ, ಹಿಂದಿನ ಲಿವರನ್ನು ತಳ್ಳಿ ಬಿಡಿ. ಬ್ಲೇಡುಗಳು ಕಣ್ಣು ಮಿಟುಕಿಸಿದಷ್ಟು ಬೇಗ ಮುಚ್ಚಿಕೊಳ್ಳಬೇಕು. ಸೋಮಾರಿಯಂತೆ ತೆವಳಿದರೆ ಅವುಗಳ ಮೇಲೆ ಎಣ್ಣೆ ಇಳಿದಿದೆ, ಫೋಟೊಗಳು ಅಗತ್ಯಕ್ಕಿಂತ ಹೆಚ್ಚು ಬೆಳಗಿ ಬರುತ್ತವೆ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಒಂದು ವರ್ಷ ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ನನ್ನ ಎರಡು ಲೆನ್ಸುಗಳನ್ನು ಅವುಗಳ ಚರ್ಮದ ಚೀಲದಲ್ಲೇ ಹಾಕಿ ಲಾಫ್ಟ್ ಮೇಲೆ ಇಟ್ಟಿದ್ದೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಲಾಫ್ಟಿನಲ್ಲಿ ಗಾಳಿಯಾಡುವುದಿಲ್ಲ. ಗಣೇಶ ಚೌತಿಗೆ ತೆಗೆದಾಗ ಒಂದರ ಮುಂದಿನ ಗಾಜಿನ ಹಿಂದೆ ರಂಗೋಲಿಯೇ ಬಿದ್ದಿತ್ತು. ಫೋರ್ಟಿನಲ್ಲಿ ಕೂರುವ ಒಬ್ಬ ಹಿರಿಯ ಮೆಕ್ಯಾನಿಕ್ ಬಿಚ್ಚಿ ಒರೆಸಿಕೊಟ್ಟರು. ಎಳೆಗಳು ಹೋದವು, ಆದರೆ ಅವು ಕೂತಿದ್ದ ಕಡೆ ಲೇಪನ ತಿಂದುಹೋಗಿ ಗುರುತು ಉಳಿಯಿತು. ಬೆಳಕಿಗೆ ಎದುರಾಗಿ ತೆಗೆದರೆ ಇಂದಿಗೂ ಆ ಲೆನ್ಸಿನಲ್ಲಿ ಚಿತ್ರ ಮಂಕಾಗುತ್ತದೆ. ಫಂಗಸ್ ಇರುವ ಲೆನ್ಸಿನಿಂದ ಪಕ್ಕದ್ದಕ್ಕೆ ಅಂಟುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅಂಟಿಸಲು ಪಕ್ಕದ ಲೆನ್ಸೇ ಬೇಕಿಲ್ಲ; ಬೆಳೆಯಲು ಅವಕ್ಕೆ ಬೇಕಾದದ್ದು ತೇವ. ಆದರೂ ರೋಗಿಯನ್ನು ಬೇರೆ ಡಬ್ಬಿಯಲ್ಲಿಡುವುದೇ ನನ್ನ ಪದ್ಧತಿ. ಇರುವ ಕ್ಯಾಬಿನೆಟ್ಟಿನ ತೇವಾಂಶದ ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೈಮುಗಿದು ಮುಂದೆ ಹೋಗಿ, ಅಕ್ಕಿಯ ಹುಡಿ ಫೋಕಸ್ ರಿಂಗಿನೊಳಗೆ ಸೇರಿದರೆ ತೆಗೆಯುವುದು ಕಷ್ಟ.

ಟಾರ್ಚಿನ ಪರೀಕ್ಷೆಯಲ್ಲಿ ಎಂಟೂ ಪಾಸಾದವು ಎಂದಿಟ್ಟುಕೊಳ್ಳೋಣ. ಈಗ ನಿಮ್ಮ ಪತ್ರದಲ್ಲೇ ಇರುವ ಒಂದು ಸಂಗತಿ ಅರ್ಧ ತೀರ್ಮಾನವನ್ನು ತಾನೇ ಮಾಡಿಬಿಡುತ್ತದೆ. ಎಫ್/1.8ಡಿ ಮತ್ತು ಎಫ್/1.4ಡಿ ಎರಡರಲ್ಲೂ ಫೋಕಸ್ ಮೋಟಾರು ಇಲ್ಲ. ಕ್ಯಾಮೆರಾ ಬಾಡಿಯಲ್ಲಿರುವ ಮೋಟಾರು ಒಂದು ಚಿಕ್ಕ ಸ್ಕ್ರೂ ಮೂಲಕ ಅವುಗಳನ್ನು ತಿರುಗಿಸಬೇಕು. ಡಿ7200ರಲ್ಲಿ ಆ ಮೋಟಾರು ಇದೆ, ಎಫ್‌ಟಿಝಡ್ ಅಡಾಪ್ಟರಿನಲ್ಲಿ ಇಲ್ಲ. ಹಾಗಾಗಿ ಝಡ್5ಕ್ಕೆ ಹಾಕಿದ ಕೂಡಲೇ ಈ ಎರಡೂ ಕೈಯಿಂದ ಫೋಕಸ್ ಮಾಡುವ ಲೆನ್ಸುಗಳಾಗಿಬಿಡುತ್ತವೆ, ಅದೂ ಆ ಕೆಲಸಕ್ಕೆಂದು ಮಾಡದ ತೆಳ್ಳನೆಯ, ಸಡಿಲವಾದ ರಿಂಗ್ ಇರುವ ಲೆನ್ಸುಗಳು. ಡಿಎಕ್ಸ್ 35ರ ಕಥೆಯೂ ಬೇರೆಯಲ್ಲ. ಅದು ಆಟೋಫೋಕಸ್ ಮಾಡುತ್ತದೆ ನಿಜ, ಆದರೆ ಚಿಕ್ಕ ಸೆನ್ಸರಿಗಾಗಿ ಮಾಡಿದ್ದಾದ್ದರಿಂದ ಝಡ್5 ತನ್ನ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತದೆ. 24 ಮೆಗಾಪಿಕ್ಸೆಲ್‌ಗೆಂದು ಹಣ ಕೊಟ್ಟು ಕೊಂಡ ಕ್ಯಾಮೆರಾದಲ್ಲಿ ಸುಮಾರು ಹತ್ತು ಸಿಗುತ್ತದೆ. ಈ ಲೆನ್ಸುಗಳು ಕೆಟ್ಟವಲ್ಲ, ನಿಮ್ಮ ಮನೆಯಲ್ಲಿ ಈಗ ಅವುಗಳ ಜೋಡಿ ಇಲ್ಲ, ಅಷ್ಟೇ. ಜೋಡಿ ಪುಣೆಗೆ ಹೊರಟಿದೆ. ಡಿ7200 ಜೊತೆಗೆ 35ನ್ನೂ ಎಫ್/1.8ಡಿಯನ್ನೂ ಅಳಿಯನಿಗೆ ಕೊಟ್ಟುಬಿಡಿ. ಆ ಬಾಡಿಯ ಮೇಲೆ 35 ಸಹಜ ನೋಟ ಕೊಡುತ್ತದೆ, 50 ಎಂಎಂ 75ರಂತೆ ವರ್ತಿಸಿ ಮುಖಚಿತ್ರಕ್ಕೆ ಒದಗುತ್ತದೆ. ಕಲಿಯುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜೊತೆ ಕಟ್ಟಿಕೊಡುವುದು ಕಷ್ಟ, ಮಾರಿದರೆ ಬರುವ ಹಣವೂ ಹೇಳಿಕೊಳ್ಳುವಂಥದ್ದಲ್ಲ.

ಎಫ್/1.4ಡಿಯನ್ನು ಮಾರಿ. ಇಲ್ಲಿ ನಿಮ್ಮ ಮನಸ್ಸು ಅಳುಕುತ್ತದೆ ಎಂದು ಗೊತ್ತು, 1.4 ಎಂಬ ಅಂಕಿಗೆ ಒಂದು ಮೋಹವಿದೆ. ಲೆಕ್ಕ ನೋಡಿ: 1.8ಕ್ಕೂ 1.4ಕ್ಕೂ ಬೆಳಕಿನ ಅಂತರ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 3200 ಇದ್ದಲ್ಲಿ 2000 ಆಗುತ್ತದೆ. ಝಡ್5ರ ಚಿತ್ರದಲ್ಲಿ ಆ ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ಹುಡುಕಬೇಕು. ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿ ಕಾಣುವ ಆಳ ಎಫ್/1.8ರಲ್ಲಿ ಸುಮಾರು 17 ಸೆಂಟಿಮೀಟರ್, ಎಫ್/1.4ರಲ್ಲಿ 13. ಹಿನ್ನೆಲೆ ಇನ್ನೂ ಕರಗಬೇಕೆಂದು ಬಯಸಿ ಆ ನಾಲ್ಕು ಸೆಂಟಿಮೀಟರಿಗಾಗಿ ಆಟೋಫೋಕಸನ್ನು ಬಿಟ್ಟುಕೊಟ್ಟರೆ ಮೂಗು ಚೂಪಾಗಿ ಕಣ್ಣು ಮಸುಕಾದ ಚಿತ್ರಗಳೇ ಹೆಚ್ಚು ಬರುತ್ತವೆ. ಸ್ಕ್ರೂ ಮೋಟಾರಿನ ಬಾಡಿ ಇರುವವರು ಈ ಲೆನ್ಸನ್ನು ಈಗಲೂ ಹುಡುಕುತ್ತಾರೆ, ಅಂಥವರ ಕೈಗೆ ಅದು ಸೇರಲಿ.

ಉಳಿದದ್ದು ಎಎಫ್-ಎಸ್ 50 ಮತ್ತು ಝಡ್ 40ರ ನಡುವಿನ ನಿಜವಾದ ಸ್ಪರ್ಧೆ. ಎರಡೂ ನಿಮ್ಮ ಕ್ಯಾಮೆರಾದಲ್ಲಿ ಪೂರ್ತಿಯಾಗಿ ಕೆಲಸ ಮಾಡುತ್ತವೆ. ಮೊದಲು ಒಂದು ಪರೀಕ್ಷೆ ಮಾಡಿ: ಕನ್ನಡ ಪತ್ರಿಕೆಯ ನಾಲ್ಕೈದು ಹಾಳೆಗಳನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಎಫ್/2ರಲ್ಲಿ ಒಮ್ಮೆ, ಎಫ್/4ರಲ್ಲಿ ಒಮ್ಮೆ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿ ನಾಲ್ಕು ಮೂಲೆಗಳಲ್ಲಿ ಒತ್ತಕ್ಷರಗಳನ್ನು ಓದಿ. ಇಂಗ್ಲಿಷ್ ಅಕ್ಷರ ಅರ್ಧ ಮಸುಕಾದರೂ ಊಹಿಸಿ ಓದಬಹುದು. ನಮ್ಮ ತವೊತ್ತು, ನವೊತ್ತುಗಳು ಹಾಗಲ್ಲ, ಲೆನ್ಸು ಸೋತಲ್ಲಿ ಅವು ತಕ್ಷಣ ಒಂದಕ್ಕೊಂದು ಕಲಸಿಹೋಗುತ್ತವೆ. ನಾಲ್ಕು ಮೂಲೆಗಳೂ ಒಂದೇ ಮಟ್ಟಿಗೆ ಮೆತ್ತಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ ಒಳಗಿನ ಯಾವುದೋ ಗಾಜು ಓರೆಯಾಗಿ ಕೂತಿದೆ, ಎಲ್ಲೋ ಬಿದ್ದು ಪೆಟ್ಟಾಗಿರಬಹುದು. ಅಂಥದ್ದನ್ನು ಸ್ಪರ್ಧೆಯಿಂದ ಹೊರಗಿಡಿ.

ಎರಡೂ ಸರಿಯಿದ್ದರೆ ನನ್ನ ಓಟು 40ಕ್ಕೆ. 50 ಎಂಎಂ ತಾನು 185 ಗ್ರಾಂ ಇದ್ದರೂ ಅಡಾಪ್ಟರಿನ 135 ಗ್ರಾಂ ಸೇರಿ 320 ಆಗುತ್ತದೆ, ಮುಂದಕ್ಕೂ ಚಾಚಿಕೊಳ್ಳುತ್ತದೆ. 40 ಎಂಎಂ ತೂಕ 170 ಗ್ರಾಂ ಮಾತ್ರ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ನಿಲ್ಲುವವರಿಗೆ ಈ ಅಂತರ ಅಂಕಿಯಲ್ಲಿ ಕಾಣುವುದಕ್ಕಿಂತ ದೊಡ್ಡದು. ಇನ್ನೊಂದು, 40 ಎಂಎಂ ಸೆನ್ಸರಿನಿಂದ 29 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತದೆ, 50ಕ್ಕೆ 45 ಸೆಂಟಿಮೀಟರ್ ಬೇಕು. ಯಕ್ಷಗಾನದ ಚೌಕಿಯಲ್ಲಿ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಮುಂಬಯಿಯ ಸಭಾಭವನಗಳಲ್ಲಿ ಚೌಕಿ ಎಂದರೆ ವೇದಿಕೆಯ ಹಿಂದಿನ ಇಕ್ಕಟ್ಟಾದ ಒಂದು ಕೋಣೆ; ಬಣ್ಣದ ವೇಷದವರು ಕನ್ನಡಿ ಹಿಡಿದು ಚುಟ್ಟಿ ಇಡುತ್ತ ಕೂತಿರುವಾಗ ಹಿಂದೆ ಸರಿಯಲು ಜಾಗವಿರುವುದಿಲ್ಲ, ಹಿಂದೆ ಸರಿದರೆ ಯಾರದೋ ಕಿರೀಟಕ್ಕೆ ಬೆನ್ನು ತಾಗುತ್ತದೆ. ಕೆನ್ನೆಯ ಮೇಲಿನ ಒಂದೊಂದೇ ಚುಕ್ಕೆಯನ್ನು ಹಿಡಿಯಲು 40 ಎಂಎಂ ಸಾಕು, 50 ಎಂಎಂ ಅಲ್ಲಿ ತಡವರಿಸುತ್ತದೆ. ಎಎಫ್-ಎಸ್ 50ನ್ನೂ ಮಾರಿ.

ಝೂಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲಿನ ಪ್ರವಾಸಕ್ಕೆ, ಸಂಘದ ಗುಂಪುಚಿತ್ರಕ್ಕೆ 24 ಎಂಎಂ ಬೇಕೇ ಬೇಕು, ನಿಮ್ಮಲ್ಲಿರುವ ಅಷ್ಟು ಅಗಲದ ಲೆನ್ಸು ಅದೊಂದೇ. ಅದರ 50 ಎಂಎಂ ತುದಿಯನ್ನು ಮಾತ್ರ ನಂಬಬೇಡಿ: ಅಲ್ಲಿ ಅಪರ್ಚರ್ ಎಫ್/6.3ಕ್ಕೆ ಇಳಿದಿರುತ್ತದೆ, ಎಫ್/2ಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು ಬೆಳಕು. ಉಳಿಸಿಕೊಳ್ಳಿ.

ಹೀಲಿಯೋಸ್ ಕೆಟ್ಟಿಲ್ಲ. ಅದು ಎಂ42 ಎಂಬ ಸ್ಕ್ರೂ ಮೌಂಟಿನ (ತಿರುಪಿನಂತೆ ತಿರುಗಿಸಿ ಕೂರಿಸುವ) ಲೆನ್ಸು, ಸೆನ್ಸರಿನಿಂದ 45.46 ಎಂಎಂ ದೂರದಲ್ಲಿ ಕೂರಬೇಕೆಂದು ಮಾಡಿದ್ದು. ಡಿ7200ರ ಎಫ್ ಮೌಂಟಿನಲ್ಲಿ ಆ ದೂರವೇ 46.5 ಎಂಎಂ ಇದೆ, ಮೇಲೆ ಎರಡನ್ನೂ ಜೋಡಿಸುವ ರಿಂಗಿನ ದಪ್ಪ ಬೇರೆ. ಬೇಕಾದದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ಮುಂದೆ ಕೂತ ಲೆನ್ಸು ಹತ್ತಿರದ್ದನ್ನು ಮಾತ್ರ ನೋಡುತ್ತದೆ, ದೂರದ್ದು ಅದಕ್ಕೆ ಸಿಗುವುದಿಲ್ಲ. ಝಡ್ ಮೌಂಟಿನಲ್ಲಿ ಆ ದೂರ 16 ಎಂಎಂ ಮಾತ್ರ, ನಡುವೆ ಧಾರಾಳ ಜಾಗವಿದೆ. ಎಂ42ರಿಂದ ನೇರವಾಗಿ ಝಡ್‌ಗೆ ಬರುವ, ಗಾಜಿಲ್ಲದ ಸಾದಾ ರಿಂಗ್ ಕೊಂಡರೆ ದಿಗಂತದವರೆಗೂ ಫೋಕಸ್ ಆಗುತ್ತದೆ. ಈಗಿನ ರಿಂಗನ್ನು ಎಫ್‌ಟಿಝಡ್ ಮೇಲೆ ಹಾಕಿದರೆ ಹಳೆಯ ತೊಂದರೆಯೇ ಮುಂದುವರಿಯುತ್ತದೆ, ನೆನಪಿರಲಿ. ಎಂಟರಲ್ಲಿ ಹೆಸರು ಮುಚ್ಚಿದರೂ ಗುರುತು ಹಿಡಿಯಬಹುದಾದ ಚಿತ್ರ ಕೊಡುವ ಲೆನ್ಸು ಇದೊಂದೇ. ಎಫ್/2ರಲ್ಲಿ, ನಾಲ್ಕಾರು ಅಡಿ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಇನ್ನಷ್ಟು ದೂರದಲ್ಲಿ ಎಲೆಗಳ ನಡುವೆ ಬೆಳಕು ಇಣುಕುವಂತಿದ್ದರೆ ಹಿನ್ನೆಲೆ ಸುಳಿಯಂತೆ ತಿರುಗುತ್ತದೆ. ಅದು ದೋಷವೇ, ಆದರೆ ಚೆಲುವಾದ ದೋಷ. ನಿಮಗೆ ಅದು ವರ್ಷಕ್ಕೆ ಎರಡು ಚಿತ್ರಕ್ಕಾದರೂ ಬೇಕೆನಿಸಿದರೆ ಇಟ್ಟುಕೊಳ್ಳಿ, ಮೊದಲ ದಿನದ ಬೆರಗು ಕಳೆದ ಮೇಲೆ ಅದು ಚೀಲದಿಂದ ಹೊರಗೆ ಬಂದೇ ಇಲ್ಲವಾದರೆ ಕಳಿಸಿ. ನನ್ನದನ್ನು ನಾನು ಮೂರನೆಯ ವರ್ಷ ಕಳಿಸಿದೆ.

ಈ ಲೆಕ್ಕ ಮಾಡಲು ಕ್ಯಾಮೆರಾದ ದಾಖಲೆಯನ್ನೇ ನೋಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಎರಡು ಎಚ್ಚರಿಕೆಗಳೊಂದಿಗೆ. ಯಾವ ಲೆನ್ಸಿನಿಂದ ಎಷ್ಟು ಕ್ಲಿಕ್ ಮಾಡಿದಿರಿ ಎಂದು ಎಣಿಸಬೇಡಿ. ಮನೆಯವರಿಗೆ ಕಳಿಸಿದ, ಪ್ರಿಂಟ್ ಹಾಕಿಸಿದ, ಸಂಘದವರು ಕೇಳಿ ಪಡೆದ ಚಿತ್ರಗಳನ್ನು ಮಾತ್ರ ಎಣಿಸಿ. ಹೊಸ ಲೆನ್ಸು ಬಂದ ವಾರದಲ್ಲಿ ಬೆಕ್ಕು, ಬಾಲ್ಕನಿಯ ತುಳಸಿ, ಎದುರು ಕಟ್ಟಡ ಎಂದು ನೂರಾರು ಕ್ಲಿಕ್ಕುಗಳಾಗಿರುತ್ತವೆ, ಅವು ಲೆಕ್ಕಕ್ಕಿಲ್ಲ. ಎರಡನೆಯದು, ಹೀಲಿಯೋಸ್ ಮತ್ತು ಎಐ ಲೆನ್ಸುಗಳಲ್ಲಿ ವಿದ್ಯುತ್ ಸಂಪರ್ಕವಿಲ್ಲದ್ದರಿಂದ ಕ್ಯಾಮೆರಾಗೆ ಅವುಗಳ ಗುರುತಿಲ್ಲ. ನೀವು ಮೆನುವಿನಲ್ಲಿ ತುಂಬಿದ ಅಂಕಿಯನ್ನೇ ಅದು ಬರೆದಿಡುತ್ತದೆ. 58ನ್ನು ಹಾಕಿದಾಗ ಮೆನುವಿನಲ್ಲಿ 50 ಎಂದೇ ಉಳಿದಿದ್ದರೆ ದಾಖಲೆಯೂ ಸುಳ್ಳು, ಬಾಡಿಯೊಳಗಿನ ನಡುಕ ತಡೆಯುವ ವ್ಯವಸ್ಥೆಯೂ ತಪ್ಪು ಲೆಕ್ಕದ ಮೇಲೆ ನಡೆಯುತ್ತದೆ.

ತಂದೆಯವರ 50 ಎಂಎಂ ಎಫ್/2ನ್ನು ಈ ಯಾವ ತಕ್ಕಡಿಯಲ್ಲೂ ಇಡಬೇಡಿ. ಅದು ಉಳಿಯುತ್ತದೆ. ಆದರೆ ನೆನಪಿನ ವಸ್ತು ಎಂದು ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಸೇರಿಸಿದರೆ ಎಲ್ಲಕ್ಕಿಂತ ಮೊದಲು ಬೂಷ್ಟು ಹಿಡಿಯುವುದು ಅದಕ್ಕೇ. 1977ರಲ್ಲಿ ನಿಕಾನ್ ತಂದ ಎಐ ಪದ್ಧತಿಯ ಲೆನ್ಸಾದ್ದರಿಂದ ಎಫ್‌ಟಿಝಡ್ ಮೇಲೆ ನಿಶ್ಚಿಂತೆಯಿಂದ ಕೂರುತ್ತದೆ. ಅಪರ್ಚರನ್ನು ಲೆನ್ಸಿನ ರಿಂಗಿನಲ್ಲೇ ತಿರುಗಿಸಿ, ಕ್ಯಾಮೆರಾವನ್ನು ಎ ಅಥವಾ ಎಂ ಮೋಡಿನಲ್ಲಿಟ್ಟು, ವ್ಯೂಫೈಂಡರಿನಲ್ಲಿ ಚಿತ್ರವನ್ನು ಹಿಗ್ಗಿಸಿ ಫೋಕಸ್ ಮಾಡಿ. ಡಿ ಲೆನ್ಸುಗಳ ರಿಂಗಿನಲ್ಲಿ ಸಿಗದ ಒಂದು ಸುಖ ಇದರ ರಿಂಗಿನಲ್ಲಿದೆ: ಉದ್ದನೆಯ ತಿರುವು, ತುದಿಯಿಂದ ತುದಿಗೆ ಒಂದೇ ಸಮನಾದ ಬಿಗಿ. ಕೈಯಿಂದ ಫೋಕಸ್ ಮಾಡುವುದೇ ಆದರೆ ಅದಕ್ಕೆಂದೇ ಮಾಡಿದ ಲೆನ್ಸಿನಲ್ಲಿ ಮಾಡಬೇಕು, ಎಫ್/1.4ಡಿಯನ್ನು ನಾನು ಹೊರಗೆ ಹಾಕಿದ್ದಕ್ಕೆ ಇದೂ ಒಂದು ಕಾರಣ. ಭಾನುವಾರದ ಲೆನ್ಸು ಎಂದು ಅದಕ್ಕೊಂದು ದಿನ ಗೊತ್ತುಮಾಡಿ.

ಇಷ್ಟೆಲ್ಲ ಒಂದೇ ಬಗೆಯ ಲೆನ್ಸುಗಳಿದ್ದೂ ನಿಮಗೆ ನಿಜವಾಗಿ ಬೇಕಾದ ಒಂದು ನಿಮ್ಮ ಬಳಿ ಇಲ್ಲ ಎಂಬುದು ನಿಮ್ಮ ಪಟ್ಟಿ ಓದುವಾಗ ನನಗೆ ಮೊದಲು ಹೊಳೆದ ಸಂಗತಿ. ಸಭಾಭವನದಲ್ಲಿ ಪಕ್ಕದ ಹಾದಿಯಲ್ಲಿ, ವೇದಿಕೆಯಿಂದ ಮೂವತ್ತು ಅಡಿ ದೂರದಲ್ಲಿ ನೀವು ನಿಂತಿದ್ದೀರಿ ಎನ್ನಿ. ಅಲ್ಲಿಂದ 50 ಎಂಎಂ ಲೆನ್ಸಿನ ಚೌಕಟ್ಟಿನ ಎತ್ತರ ಹದಿನಾಲ್ಕು ಅಡಿಗೂ ಹೆಚ್ಚು. ಕಿರೀಟ ಸೇರಿ ಏಳು ಅಡಿ ಎತ್ತರದ ವೇಷ ಅದರಲ್ಲಿ ಅರ್ಧವನ್ನಷ್ಟೇ ತುಂಬುತ್ತದೆ. ಮೇಲೆ ಪರದೆ, ಬ್ಯಾನರು, ದೀಪದ ಕಂಬಿ, ಕೆಳಗೆ ಮುಂದಿನ ಸಾಲಿನವರ ತಲೆಗಳು. 58 ಎಂಎಂ ಕೂಡ ಇದನ್ನು ಹೆಚ್ಚೇನೂ ಬದಲಿಸುವುದಿಲ್ಲ. 85 ಎಂಎಂ ಲೆನ್ಸಿನ ಚೌಕಟ್ಟು ಅದೇ ಜಾಗದಿಂದ ಎಂಟೂವರೆ ಅಡಿ ಎತ್ತರ, ಹನ್ನೆರಡು ಅಡಿಗೂ ತುಸು ಹೆಚ್ಚು ಅಗಲ: ಎದುರುಬದುರಾದ ಎರಡು ವೇಷಗಳು ತಲೆಯಿಂದ ಗೆಜ್ಜೆಯವರೆಗೆ ತುಂಬಿ ನಿಲ್ಲುತ್ತವೆ. ಗಿರಗಿರನೆ ತಿರುಗುವ ಧೀಂಗಿಣದ ಕುಣಿತಕ್ಕೆ ಶಟರ್ ವೇಗ ಕನಿಷ್ಠ ಸೆಕೆಂಡಿನ 320ರಲ್ಲಿ ಒಂದು ಭಾಗ ಬೇಕು, ಆದ್ದರಿಂದ ಎಫ್/1.8ರ 85 ಆಗಬೇಕು, ಅಗ್ಗದ ಝೂಮ್ ಆಗದು. ಎಎಫ್-ಎಸ್ 85 ಎಂಎಂ ಎಫ್/1.8ಜಿ ಬಳಸಿದ್ದು ಹುಡುಕಿ. 350 ಗ್ರಾಂ ತೂಗುತ್ತದೆ, ನಿಮ್ಮ ಎಫ್‌ಟಿಝಡ್ ಮೇಲೆ ಆಟೋಫೋಕಸ್ ಚೆನ್ನಾಗಿ ನಡೆಯುತ್ತದೆ. ಕೈಯಲ್ಲಿ ಹಣ ಹೆಚ್ಚಿದ್ದರೆ ಝಡ್ 85 ಎಂಎಂ ಎಫ್/1.8 ಇದೆ. ಎರಡು ಐವತ್ತುಗಳು ಹೋಗಿ ಒಂದು ಎಂಬತ್ತೈದು ಬಂದರೆ ನಿಮ್ಮ ಕ್ಯಾಬಿನೆಟ್ಟಿನಲ್ಲಿ ಜಾಗವೂ ಉಳಿಯುತ್ತದೆ.

ಮಾರುವಾಗ ಆತುರ ಬೇಡ, ಆದರೆ ಜೂನ್ ಎರಡನೆಯ ವಾರಕ್ಕೆ ಮುಂಚೆ ಮುಗಿಸಿ. ಮಳೆ ಹಿಡಿದ ಮೇಲೆ ಕೊಳ್ಳುವವರು ಫಂಗಸ್ ಹೆಸರಿನಲ್ಲಿ ಬೆಲೆ ಇಳಿಸುತ್ತಾರೆ. ಡಿಎನ್ ರೋಡಿನ ಅಂಗಡಿಗಳಲ್ಲಿ ಹಣ ಕೂಡಲೇ ಕೈಗೆ ಬರುತ್ತದೆ, ಅವರ ಲಾಭವನ್ನು ಕಳೆದು. ನೇರವಾಗಿ ಮಾರಿದರೆ ಹೆಚ್ಚು ಸಿಗುತ್ತದೆ, ತಲೆನೋವೂ ಹೆಚ್ಚು. ದಾದರ್ ಸ್ಟೇಷನ್ನಿನ ಇಂಡಿಕೇಟರ್ ಕೆಳಗೆ ಸೇರೋಣ ಎಂದು ಒಪ್ಪಿಕೊಳ್ಳಬೇಡಿ, ಆ ನೂಕುನುಗ್ಗಲಿನಲ್ಲಿ ಯಾರೂ ಲೆನ್ಸನ್ನು ಸರಿಯಾಗಿ ನೋಡಲಾರರು. ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಕರೆಯಿರಿ. ಟಾರ್ಚನ್ನು ನೀವೇ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಿ. 50 ಎಂಎಂ ಜಿ ಲೆನ್ಸಿಗೆ ಅದರ ಎಚ್‌ಬಿ-47 ಹುಡ್, ಮುಚ್ಚಳಗಳು, ಬಿಲ್ಲು, ಪೆಟ್ಟಿಗೆ ಇದ್ದರೆ ಜೊತೆಗಿಡಿ. ಗೀರು, ಧೂಳು, ಸಡಿಲವಾದ ರಿಂಗ್, ಏನಿದ್ದರೂ ಅವರು ಹುಡುಕುವ ಮೊದಲು ನೀವೇ ಹೇಳಿ, ಚೌಕಾಸಿ ಅಲ್ಲಿಗೇ ಅರ್ಧಕ್ಕೆ ನಿಲ್ಲುತ್ತದೆ.

ಹೀಲಿಯೋಸ್ ಬಗ್ಗೆ ಒಂದು ಮಾತು ಉಳಿಯಿತು. ಟಾರ್ಚ್ ಬಿಟ್ಟಾಗ ಅದರ ಎಂಟು ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿರುವುದು ಬಹುಶಃ ಕಾಣುತ್ತದೆ. ಮೇಲೆ ಹೇಳಿದ ಎಚ್ಚರಿಕೆ ಅದಕ್ಕೆ ಪೂರ್ತಿ ಅನ್ವಯಿಸುವುದಿಲ್ಲ, ಏಕೆಂದರೆ 44-2ರ ಅಪರ್ಚರನ್ನು ಸ್ಪ್ರಿಂಗ್ ಮುಚ್ಚುವುದಿಲ್ಲ, ನೀವೇ ಕೈಯಿಂದ ತಿರುಗಿಸಿ ಮುಚ್ಚುತ್ತೀರಿ. ಬ್ಲೇಡುಗಳು ನಿಧಾನವಾದರೂ ಚಿತ್ರ ಕೆಡುವುದಿಲ್ಲ. ಎಣ್ಣೆ ತೆಳ್ಳಗಿದ್ದರೆ ಹಾಗೆಯೇ ಬಳಸಿ. ಗಾಜಿನ ಮೇಲೂ ಮಂಜು ಕವಿಯತೊಡಗಿದ್ದರೆ ಮಾತ್ರ ಮೆಕ್ಯಾನಿಕ್ ಬಳಿ ಒಯ್ಯಿರಿ, ಬಿಚ್ಚಿಸುವ ಕೂಲಿ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ನೀವು ಚೋರ್ ಬಜಾರಿನಲ್ಲಿ ಕೊಟ್ಟ ಬೆಲೆಯನ್ನು ಅದು ಮೀರಿದರೆ ಲೆನ್ಸನ್ನು ಇದ್ದ ಸ್ಥಿತಿಯಲ್ಲೇ, ಮಂಜನ್ನು ತೋರಿಸಿಯೇ ಮಾರಿಬಿಡಿ.